ಕರಿಬಸಮ್ಮ ಹೊಕ್ಕ ಬಣವೆ

ಪಂಚಾಕ್ಷರಪ್ಪ ಒಟ್ಟಿದ ಹುಲ್ಲಿನ ಬಣವೆಯನ್ನು ನೋಡಿಯೇ ಕರಿಬಸಮ್ಮನ ಅಪ್ಪ ಅವಳನ್ನು ಆ ಮನೆಗೆ ಕೊಟ್ಟದ್ದು. ದೇವನೂರು ಕಡೆಯಿಂದ ಗಂಡು ನೋಡಲು ಬಂದ ಆ ಮನುಷ್ಯ ಮನೆಯೊಳಕ್ಕೆ ಕಾಲಿಡಲಿಲ್ಲ. ಮೊದಲು ತಿಪ್ಪೆ ನೋಡಿದ, ಆಮೇಲೆ ಕಣದ ಮೂಲೆಯಲ್ಲಿದ್ದ ಬಣವೆಗೆ ಒಂದು ಸುತ್ತು ಹಾಕಿದ. ಬುಡ ಕಿರಿದು, ಹೆಗಲ ಹತ್ತಿರ ಅಗಲ, ನೆತ್ತಿ ಚೂಪು. ನೆತ್ತಿಗೆ ಬಿದ್ದ ಮಳೆ ಬುಡಕ್ಕೆ ತಾಕದೆ ದೂರಕ್ಕೆ ಸುರಿಯಬೇಕು, ಹಾಗಿತ್ತು. ಎಲ್ಲೂ ಒಂದು ಎಳೆ ಜೋತಿರಲಿಲ್ಲ. “ಇದನ್ನ ಒಟ್ಟಿದೋರು ಯಾರು?” ಎಂದು ಕೇಳಿದ. ಮೀಸೆ ಸರಿಯಾಗಿ ಚಿಗುರದ ಹುಡುಗನೊಬ್ಬನನ್ನು ತೋರಿಸಿದರು. “ಹೆಣ್ಣು ಕೊಟ್ಟೆ, ಇನ್ನು ಕಾಫಿ ಕೊಡಿ” ಎಂದನಂತೆ.

ಈ ಒಂದು ಮಾತನ್ನು ಇಟ್ಟುಕೊಂಡು ಕರಿಬಸಮ್ಮ ಗಂಡನನ್ನು ಬದುಕಿಡೀ ಚುಚ್ಚಿದಳು. ಅವನು ಸಾರಿಗೆ ಉಪ್ಪು ಕಮ್ಮಿ ಎಂದರೂ ಸಾಕು, “ನಮ್ಮಪ್ಪ ನನ್ನ ಕೊಟ್ಟಿದ್ದು ಬಣವೆಗೆ ಕಣ್ರೀ, ನಿಮಗಲ್ಲ” ಎನ್ನುವಳು. ಅವನೂ ಬಿಡುವ ಆಸಾಮಿಯಲ್ಲ. “ಹಂಗಾದ್ರೆ ಹೋಗಿ ಅದರ ಜೊತೇಲೇ ಸಂಸಾರ ಮಾಡು ಹೋಗು” ಎನ್ನುವನು.

ಚೌಳಹಿರಿಯೂರು ಹೋಬಳಿಯ ಆ ಸಣ್ಣ ಊರಿನಲ್ಲಿ ಕರಿಬಸಮ್ಮನ ಗಂಟಲು ಕೇಳದ ಮನೆ ಇರಲಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ಕೊಟ್ಟಿಗೆಯ ಹಸುವಿನ ಅಜ್ಜಿ ಯಾವ ಸಂತೆಯಿಂದ ಬಂದದ್ದು, ಅದರ ಕೊಂಬು ಯಾವ ಕಡೆ ಬಾಗಿತ್ತು, ಅದು ಯಾರನ್ನು ಹಾಯ್ದು ಬೇಲಿಗೆ ಕೆಡವಿತ್ತು, ಎಲ್ಲ ಅವಳ ಬಾಯಲ್ಲಿತ್ತು. ಹೊಲದ ಆ ತುದಿಯಲ್ಲಿರುವ ಮಗನನ್ನು ಊಟಕ್ಕೆ ಕರೆಯಲು ಅವಳು ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. ಅಲ್ಲಿಂದಲೇ “ಲೇ ರೇಣುಕಾ” ಎಂದರೆ ಮುಗಿಯಿತು, ಅವನ ಟ್ರ್ಯಾಕ್ಟರ್ ಸದ್ದನ್ನೂ ಮೀರಿ ಅದು ಹೋಗಿ ಮುಟ್ಟುತ್ತಿತ್ತು. ಅಂಥ ಗಂಟಲು, ಅಂಥ ಎದೆ.

ಕೊರೋನಾದ ಗಲಾಟೆ ಇಳಿಯುತ್ತಾ ಬಂದ ವರ್ಷ ಮಳೆಗೆ ಹುಚ್ಚು ಹಿಡಿಯಿತು. ಕಾರ್ತಿಕದಲ್ಲಿ ಬಿಸಿಲು ಕಾಯಬೇಕಾದ ಹೊತ್ತಿನಲ್ಲಿ ಆಕಾಶ ತೂತು ಬಿದ್ದಂತೆ ಸುರಿಯಿತು. ಕೊಯ್ದ ರಾಗಿ ಹೊಲದಲ್ಲೇ ಮಲಗಿತ್ತು. ತೆನೆಯ ಮೇಲೇ ಮೊಳಕೆ ಬಂತು. ಕರಿಬಸಮ್ಮ ಹಸಿರು ಮೀಸೆ ಬಂದ ತೆನೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು, “ಇದನ್ನ ಬೀಸಾದಾ ಬಿತ್ತಾದಾ?” ಎಂದು ಕೇಳಿದ್ದಳು. ಪಂಚಾಕ್ಷರಪ್ಪ ಬಿಡುವು ಸಿಕ್ಕಾಗೆಲ್ಲ ಹುಲ್ಲನ್ನು ತಿರುವಿ ಹಾಕಿದ. ಆರಿತು ಎನ್ನುವಷ್ಟರಲ್ಲಿ ಮತ್ತೆ ನೆನೆಯಿತು. ಕೊನೆಗೊಂದು ದಿನ ಮೋಡ ಮತ್ತೆ ಕವಿಯುತ್ತಿರುವಾಗ, ಆರಿದ್ದೋ ಇಲ್ಲವೋ ಎಂದು ನೋಡುತ್ತಾ ಕೂರಲಾಗದೆ, ಒಟ್ಟಿಬಿಟ್ಟ. ಹಸಿ ಹುಲ್ಲಾದರೂ ಕೈ ಅದೇ ಕೈ. ಬಣವೆ ಎಂದಿನಂತೆ ಗೊಂಬೆಯ ಹಾಗೆ ನಿಂತಿತು. ಮಗ ರೇಣುಕಪ್ರಸಾದ್ ಕಡೂರಿನಿಂದ ನೀಲಿ ಟಾರ್ಪಲ್ ತಂದು ನೆತ್ತಿಗೂ ಹಿಂಭಾಗಕ್ಕೂ ಹೊದಿಸಿದ. ಮೇಲಿನಿಂದ ಬೀಳುವ ನೀರು ನಿಂತಿತು. ಒಳಗೆ ಇದ್ದ ನೀರು ಒಳಗೇ ಉಳಿಯಿತು.

ಬೆಳಿಗ್ಗೆ ಚಳಿಯಲ್ಲಿ ಆ ಟಾರ್ಪಲಿನ ಅಂಚಿನಿಂದ ಹಬೆ ಏಳುವುದನ್ನು ಕರಿಬಸಮ್ಮ ಕಂಡಿದ್ದಳು. ಪಂಚಾಕ್ಷರಪ್ಪ ಹುಲ್ಲಿನೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ ಹೊರಕ್ಕೆ ತೆಗೆದು, “ಒಳಗೆ ಅನ್ನ ಬೆಂದಂಗೆ ಬೇಯ್ತಾ ಐತೆ ಕಣೇ” ಎಂದ. ಬೆಂಕಿ ಹತ್ತೀತು ಎಂಬ ಭಯಕ್ಕೆ ರಸ್ತೆಗೆ ಕಾಣದ ಹಿಂಭಾಗದಲ್ಲಿ ಒಂದು ಕಿಂಡಿ ಕೊರೆದ. ದಿನವೂ ಅಷ್ಟಷ್ಟು ಹುಲ್ಲು ಹಿರಿದು, ತಲೆ ಒಳಗಿಟ್ಟು, ಬಿಸಿ ಆರಿತೇ ಎಂದು ನೋಡುವನು. ಬೇಸಿಗೆಯ ಹೊತ್ತಿಗೆ ಬಣವೆ ತಣ್ಣಗಾಯಿತು, ಅವನಿಗೆ ಕೆಮ್ಮು ಹತ್ತಿತು. ಮುಂದಿನ ದೀಪಾವಳಿ ಅವನು ಕಾಣಲಿಲ್ಲ. ಬೀಡಿ ಎದೆಯನ್ನು ತಿಂದುಹಾಕಿದೆ ಎಂದರು. ಬೀಡಿ ಸೇದುತ್ತಿದ್ದುದು ನಿಜ. ಯಾರೂ ಮತ್ತೇನೂ ಕೇಳಲಿಲ್ಲ.

ಆ ವರ್ಷವೂ ಮಳೆ ಹುಲುಸಾಗಿತ್ತು, ಬದುವಿನ ತುಂಬ ಹಸಿ ಹುಲ್ಲು. ಬಣವೆಗೆ ಕೈ ಹಾಕುವ ಪ್ರಸಂಗವೇ ಬರಲಿಲ್ಲ. ಗಂಡ ಒಟ್ಟಿದ ಕೊನೆಯ ಬಣವೆ ಎಂದು ಕರಿಬಸಮ್ಮ ಅದಕ್ಕೆ ಕೋಳಿಯನ್ನೂ ಹತ್ತಗೊಡಲಿಲ್ಲ. ರಸ್ತೆಯಲ್ಲಿ ಹೋಗುವವರು, “ಪಂಚಾಕ್ಷರಪ್ಪ ಹೋದರೂ ಬಣವೆ ನೋಡಪ್ಪಾ, ನಿನ್ನೆ ಒಟ್ಟಿದಂಗೆ ಐತೆ” ಎನ್ನುವರು. ಒಳಗೆ ರೊಟ್ಟಿ ತಟ್ಟುತ್ತಿದ್ದರೂ ಆ ಮಾತು ಅವಳಿಗೆ ಕೇಳುತ್ತಿತ್ತು.

ಅದರ ಮುಂದಿನ ವರ್ಷ ಮಳೆಯೇ ಬರಲಿಲ್ಲ. ಮುಂಗಾರು ಹೆಸರಿಗೆ ಹನಿಯಿತು, ಹಿಂಗಾರು ಹೆಸರಿಗೂ ಬರಲಿಲ್ಲ. ರಾಗಿ ಗೇಣುದ್ದಕ್ಕೆ ನಿಂತು ಅಲ್ಲೇ ಸುಟ್ಟಿತು. ಕೆರೆಯ ಅಂಗಳದಲ್ಲಿ ಮಣ್ಣು ಹಪ್ಪಳದಂತೆ ಎದ್ದಿತ್ತು. ಕೆಂದಿ ಹಸು ಬರಿಯ ಗೋದಲಿಯನ್ನು ನೆಕ್ಕುವುದನ್ನು ನೋಡಲಾಗದೆ ರೇಣುಕಪ್ರಸಾದ್, “ಅವ್ವಾ, ಬಣವೆ ಬಿಚ್ಚಾಣ” ಎಂದ.

“ನಿಮ್ಮಪ್ಪನ ಕೈಕೆಲಸ ಅದು. ನಾನಿರೋಗಂಟ ಅದರ ಮುಖ ಕೆಡಿಸಕೂಡದು.”

“ಮುಖಕ್ಕೆ ಪೂಜೆ ಮಾಡ್ಕಂತ ಕೂತ್ರೆ ಹಸ ತಿನ್ನೋದೇನು?”

“ಹಸಕ್ಕೆ ನಾನಿದೀನಿ. ನೀನು ಸುಮ್ಕಿರು.”

ಅವಳು ಹಟಕ್ಕೆ ಬಿದ್ದು ಆಡಿದ ಮಾತಲ್ಲ ಅದು. ಹಿಂದಿನ ಕಿಂಡಿ ಅವಳ ತಲೆಯಲ್ಲಿತ್ತು. ಮಾರನೆಯ ಬೆಳಗಿನ ನಸುಕಿನಲ್ಲೇ ಹಿಂಭಾಗಕ್ಕೆ ಹೋಗಿ ಟಾರ್ಪಲ್ ಎತ್ತಿ, ಗಂಡ ಕೊರೆದ ಕಿಂಡಿಯಿಂದ ಹುಲ್ಲು ಹಿರಿದಳು. ಮುಂದೆ ಒಂದು ಎಳೆಯೂ ಅಲುಗಲಿಲ್ಲ. ಹಿರಿದಷ್ಟೂ ಕಿಂಡಿ ದೊಡ್ಡದಾಯಿತು. ಕೈ ಸಾಲದಾದಾಗ ತಲೆ ಹೋಯಿತು, ತಲೆಯ ಹಿಂದೆ ಹೆಗಲು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಕರಿಬಸಮ್ಮ ಬಣವೆಯೊಳಗೆ ಕುಕ್ಕರಗಾಲಿನಲ್ಲಿ ಕೂರುವಷ್ಟು ಜಾಗವಾಗಿತ್ತು.

ಒಳಗಿನ ಹುಲ್ಲು ಹೊರಗಿನ ಹುಲ್ಲಿನಂತಿರಲಿಲ್ಲ. ಬೂದು ಬಣ್ಣ. ಹಿಡಿದು ಎಳೆದರೆ ಹೊಗೆಯಂತೆ ಬಿಳಿಯ ಧೂಳು ಏಳುವುದು. ಹಳೇ ಗುಡಾಣದ ಮುಚ್ಚಳ ತೆಗೆದಾಗ ಬರುವಂಥ ಮುಗ್ಗಲು ನಾತ. ಬೂಷ್ಟು ಎಂದು ಅವಳಿಗೆ ಗೊತ್ತಿತ್ತು. ಬೂಷ್ಟು ಯಾವ ಮನೆಯಲ್ಲಿಲ್ಲ? ಉಪ್ಪಿನಕಾಯಿಯ ಮೇಲೆ ಬಂದರೆ ತೆಗೆದು ಚೆಲ್ಲಿ ತಿನ್ನುವುದಿಲ್ಲವೇ? ಹೊರಗೆ ಒದರಿದರೆ ಯಾರಾದರೂ ನೋಡಿಯಾರೆಂದು ಒಳಗೇ ಕೂತು, ಹಿಡಿ ಹಿಡಿಯಾಗಿ ಒದರಿ, ಧೂಳು ಹೋದ ಹುಲ್ಲಿಗೆ ಉಪ್ಪುನೀರು ಚಿಮುಕಿಸಿ ಹಸುವಿಗೆ ಹಾಕುವಳು. ಕೆಂದಿ ಮೂಗು ತಿರುಗಿಸಿದರೂ ಹಸಿವಿಗೆ ತಿನ್ನುತ್ತಿತ್ತು.

ಈ ಗುಟ್ಟು ಗೊತ್ತಿದ್ದವಳು ಹಿಂದಿನ ಮನೆಯ ಅಂಜಿನಮ್ಮ ಒಬ್ಬಳೇ. ಒಂದು ಬೆಳಿಗ್ಗೆ ಬೇಲಿಯ ಆಚೆ ನಿಂತಿದ್ದ ಅವಳಿಗೆ ಬಣವೆಯಿಂದ ಎರಡು ಕಾಲು ಹೊರಬರುವುದು ಕಂಡಿತು.

“ಅಯ್ಯೋ ನನ್ನವ್ವಾ! ಬಣವೆ ಕರಿಬಸಕ್ಕನ್ನ ಹೆರ್ತಾ ಐತಲ್ಲಪ್ಪಾ!”

“ಬಾಯಿ ಮುಚ್ಚೇ, ಊರಿಗೆಲ್ಲಾ ಸಾರಬ್ಯಾಡ.”

“ಬಾಯಿ ಮುಚ್ಚಾಕೆ ನಂಗೂ ಒಂದು ಹೊರೆ ಹಾಕಕ್ಕ. ನಮ್ಮೆಮ್ಮೆ ಪಕ್ಕೆ ಎಲುಬು ಎಣಿಸಂಗಾಗೈತೆ.”

ಕರಿಬಸಮ್ಮ ನಕ್ಕು ಒಂದು ಹೊರೆಯನ್ನು ಬೇಲಿಯ ಮೇಲಿಂದ ಎತ್ತಿ ಕೊಟ್ಟಳು. ಆಮೇಲೆ ಅದು ರೂಢಿಯಾಯಿತು. ಯಾರೂ ಕಾಣಬಾರದೆಂದು ಅಂಜಿನಮ್ಮ ಹುಲ್ಲನ್ನು ಅಂಗಳದಲ್ಲಿಡದೆ ನಡುಮನೆಯ ಮೂಲೆಯಲ್ಲಿ ಒಟ್ಟಿಕೊಂಡಳು. ಸೊಂಟ ನೋವಿನ ಅವಳ ಗಂಡ ಲಕ್ಕಣ್ಣ ಅದರಲ್ಲೇ ಮೆತ್ತಗೆ ಒಂದಷ್ಟು ಹರವಿಸಿಕೊಂಡು, ಮೇಲೆ ಕಂಬಳಿ ಹಾಸಿ ಮಲಗತೊಡಗಿದ. “ಮಾರಾಜನ ಸುಪ್ಪತ್ತಿಗೆ ಕಣಕ್ಕಾ” ಎಂದು ಬೇಲಿಯಾಚೆಯಿಂದ ಕೂಗಿ ಹೇಳಿದ್ದ.

ಶಿವರಾತ್ರಿಯ ಹೊತ್ತಿಗೆ ಕರಿಬಸಮ್ಮನಿಗೆ ಸಂಜೆಯಾದರೆ ಚಳಿ ಬರತೊಡಗಿತು. ಮೈ ಸುಡುವುದು, ಹಲ್ಲು ಕಟಕಟ ಎನ್ನುವುದು, ಒಣ ಕೆಮ್ಮು. ಬೆಳಿಗ್ಗೆ ಎದ್ದರೆ ಜ್ವರ ಇಲ್ಲ. ಮತ್ತೆ ಹುಲ್ಲು, ಮತ್ತೆ ಸಂಜೆ ಚಳಿ. ಹೋಬಳಿಯ ಡಾಕ್ಟರು ಸೂಜಿ ಹಾಕಿದರು. ಕಫ ತೆಗೆದು ಪರೀಕ್ಷೆಗೆ ಕಳಿಸಿದರು, ಕ್ಷಯ ಅಲ್ಲ ಎಂದು ಬಂತು. ಬಿಸಿಲಿಗೆ ಎಂದರು ಒಬ್ಬರು. ಬೇಸಿಗೆ ಹಾಗೇ ಇತ್ತು ಕೂಡ, ಮಧ್ಯಾಹ್ನ ಹಂಚಿನ ಮೇಲೆ ಕಾಗೆ ಕೂರುತ್ತಿರಲಿಲ್ಲ. ಜಗಲಿಯಿಂದ ಮಗನನ್ನು ಕೂಗಹೋದ ಕರಿಬಸಮ್ಮನಿಗೆ ಒಂದು ದಿನ “ಲೇ” ಎನ್ನುವಷ್ಟಕ್ಕೇ ಉಸಿರು ಮುಗಿಯಿತು. “ರೇಣುಕಾ” ಹೊರಡಲಿಲ್ಲ. ಅವಳು ಕಂಬ ಹಿಡಿದುಕೊಂಡು ನಿಂತಳು. ತನ್ನ ಗಂಟಲನ್ನು ಯಾರೋ ಕದ್ದುಕೊಂಡು ಹೋದಂತೆ ಸುತ್ತ ನೋಡಿದಳು.

ಮಗಳು ಮಲ್ಲಿಕಾಂಬ ಬಂದು ಅಮೃತಾಪುರಕ್ಕೆ ಕರೆದುಕೊಂಡು ಹೋದಳು. ತರೀಕೆರೆಯ ಆ ಕಡೆ ಭೂಮಿಗೆ ಇನ್ನೂ ಸ್ವಲ್ಪ ಹಸಿರಿತ್ತು. ಮೊದಲ ವಾರ ಕಳೆಯುವಷ್ಟರಲ್ಲಿ ಚಳಿ ಬಿಟ್ಟಿತು. ಆಮೇಲೆ ಕೆಮ್ಮು ಇಳಿಯಿತು. ಹಳೇ ದೇವಸ್ಥಾನದ ಸುತ್ತ ಎಲ್ಲೂ ಕೂರದೆ ಪ್ರದಕ್ಷಿಣೆ ಹಾಕಿ ಬಂದು, “ನಾನು ಬದುಕ್ಕಂಡೆ ಕಣೇ ಮಲ್ಲೀ” ಎಂದಳು. ಯುಗಾದಿಗೆ ಊರಿಗೆ ಬಂದಳು. ಹಬ್ಬದ ಮಾರನೆಯ ದಿನವೇ ನಸುಕಿನಲ್ಲಿ ಬಣವೆ ಹೊಕ್ಕಳು. ಸಂಜೆಗೆ ಚಳಿ ಕಾದು ಕೂತಿತ್ತು.

ಎರಡನೆಯ ಸಲ ಮಗಳ ಮನೆಗೆ ಹೋಗಿ ಗುಣವಾಗಿ, ಬಂದು ಮತ್ತೆ ಮಲಗಿದಾಗ ಊರಿನ ಬಾಯಿ ಬಿಚ್ಚಿತು. ಮಗಳ ಮನೆಯಲ್ಲಿ ಗಟ್ಟಿ, ಸೊಸೆಯ ಮನೆಯಲ್ಲಿ ಕಾಯಿಲೆ. ಏನರ್ಥ? ನೀರಿನ ಸರದಿಯಲ್ಲಿ ಕೊಡ ಇಟ್ಟುಕೊಂಡು ನಿಂತ ಹೆಂಗಸರು ಸೊಸೆ ಯಶೋದಾಳ ಮುಖವನ್ನೇ ನೋಡುವರು. “ಅತ್ತೆಗೆ ಏನು ಹಾಕ್ತೀಯೇ ಊಟಕ್ಕೆ?” ಎಂದು ಒಬ್ಬಳು ನಗುತ್ತಲೇ ಕೇಳಿದಳು. ಯಶೋದಾ ಖಾಲಿ ಕೊಡ ಹೊತ್ತುಕೊಂಡು ಮನೆಗೆ ಬಂದು, ಒಲೆಯ ಮುಂದೆ ಕೂತು ಅತ್ತಳು.

“ಯಾಕೇ ಅಳ್ತೀಯ?” ಎಂದಳು ಕರಿಬಸಮ್ಮ, ಎರಡು ಉಸಿರಿನ ನಡುವೆ.

“ನಿಮಗೆ ನಾನು ಮದ್ದು ಹಾಕ್ತೀನಂತೆ ಅತ್ತೆ.”

“ನೀನು ಹಾಕೋ ಸಾರಿಗೇ ಖಾರ ಇರಲ್ಲ. ಮದ್ದು ಎಲ್ಲಿಂದ ತರ್ತೀಯ?” ಕರಿಬಸಮ್ಮ ನಗಲು ಹೋದಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದನ್ನು ನೋಡಿ ಯಶೋದಾ ಗಂಡನಿಗೆ ಫೋನ್ ಮಾಡಿದಳು.

ಕಡೂರಿನಲ್ಲಿ ಎದೆಯ ಕಾಯಿಲೆ ನೋಡುವ ಡಾಕ್ಟರು ಭುವನಾ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು. ಕರಿಬಸಮ್ಮನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸರೇ, ಸ್ಕ್ಯಾನ್ ಎಲ್ಲ ಆಯಿತು. ಪಟವನ್ನು ಬೆಳಕಿಗೆ ಹಿಡಿದು ನೋಡಿ, “ಅಮ್ಮಾ, ಮನೆಯಲ್ಲಿ ಏನು ಕೆಲಸ ಮಾಡ್ತೀರಿ?” ಎಂದರು.

“ಏನೂ ಇಲ್ಲ ಕಣವ್ವ. ವಯಸ್ಸಾಯ್ತು. ಕೂತಿರ್ತೀನಿ.”

“ಪಾರಿವಾಳ, ಕೋಳಿ ಸಾಕಿದ್ದೀರಾ? ಕಾಳು, ಹಳೇ ಹುಲ್ಲು, ಏನಾದ್ರೂ ಧೂಳಿನ ಕೆಲಸ?”

ಕರಿಬಸಮ್ಮ ತಲೆ ಅಲ್ಲಾಡಿಸಿದಳು. ಬಣವೆಯ ಮಾತು ಬಾಯಿಗೆ ಬರಲಿಲ್ಲ. ಒಳಗೆ ಟೊಳ್ಳು ಮಾಡಿದ್ದೇನೆ ಎಂದು ಮಗನ ಎದುರು ಹೇಗೆ ಹೇಳುವುದು?

“ಸುಳ್ಳು ಮೇಡಂ,” ಎಂದಳು ಯಶೋದಾ. ಅವಳು ಅತ್ತೆಯ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. “ದಿನಾ ನಸುಕಲ್ಲಿ ಎದ್ದು ಹಿಂದಕ್ಕೆ ಹೋಗ್ತಾರೆ. ಬಂದಾಗ ತಲೆಯೆಲ್ಲಾ ಬೂದಿ ಸುರ್ಕಂಡಂಗೆ ಇರ್ತದೆ. ಸೀರೆ ಒಗೆಯೋಳು ನಾನು, ನಂಗೆ ಗೊತ್ತಿಲ್ವಾ? ಯುಗಾದಿ ದಿನ ಹೋಗಲಿಲ್ಲ, ಅವತ್ತು ಚಳಿ ಬರಲಿಲ್ಲ.”

ರೇಣುಕಪ್ರಸಾದ್ ಅವ್ವನ ಕಡೆ ತಿರುಗಿದ. ಕರಿಬಸಮ್ಮ ಗೋಡೆ ನೋಡಿದಳು.

ಕಣದಲ್ಲಿ ಬಣವೆ ಇದೆ, ಆ ಮಳೆಯ ವರ್ಷ ಹಸಿಯಲ್ಲೇ ಒಟ್ಟಿದ್ದು ಎಂದು ಮಗನ ಬಾಯಿಂದ ಕೇಳಿಕೊಂಡ ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಹಸಿಯಾಗಿ ಒಟ್ಟಿದ ಹುಲ್ಲು ಒಳಗೇ ಬಿಸಿಯಾಗಿ ಬೇಯುತ್ತದೆ. ಕಣ್ಣಿಗೆ ಕಾಣದ ಜೀವಗಳು ಆ ಬಿಸಿಯಲ್ಲಿ ಹೆಪ್ಪು ಹಾಕಿದಂತೆ ಬೆಳೆಯುತ್ತವೆ. ಬರಗಾಲದಲ್ಲಿ ಹುಲ್ಲು ಒಣಗಿದಾಗ ಅವು ಸುಣ್ಣದ ಪುಡಿಗಿಂತ ಹಗುರವಾಗಿ, ಮುಟ್ಟಿದರೆ ಏಳುತ್ತವೆ. ಮೂಗಿನ ಕೂದಲಿಗೂ ಗಂಟಲಿಗೂ ಸಿಗದೆ ಎದೆಯ ತಳಕ್ಕೆ ಹೋಗಿ ಕೂರುತ್ತವೆ. ಎದೆ ಅವನ್ನು ಶತ್ರು ಎಂದುಕೊಂಡು ಉರಿಯುತ್ತದೆ. ದಿನಾ ಉರಿದು ಉರಿದು ಗಾಯದ ಕಲೆಯಂತೆ ಗಡುಸಾಗುತ್ತದೆ. “ಅತಿ ಮಳೆಯ ವರ್ಷ ಬೆಳೆದದ್ದು, ಮಳೆಯಿಲ್ಲದ ವರ್ಷ ಹಾರ್ತಾ ಇದೆ. ಮಾತ್ರೆ ಕೊಡ್ತೀನಿ. ಆದರೆ ಮಾತ್ರೆಗಿಂತ ಮುಖ್ಯ, ನೀವು ಆ ಹುಲ್ಲಿನ ಹತ್ತಿರ ಹೋಗಬಾರದು. ಇನ್ನೊಂದು ಬೇಸಿಗೆ ಹೀಗೇ ಹೊಕ್ಕರೆ ನಿಮ್ಮನ್ನ ಉಳಿಸೋಕೆ ನನ್ನ ಕೈಲಾಗಲ್ಲ.”

ಹಾಗೆಂದು ಕಾಗದ ಬರೆಯುತ್ತಾ, ತಲೆ ಎತ್ತದೆಯೇ ಕೇಳಿದರು: “ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೇ ಆಗಿತ್ತಾ?”

ಹೊರಗೆ ಯಾರದೋ ಮಗು ಅಳುತ್ತಿತ್ತು. ಕರಿಬಸಮ್ಮನ ಕಣ್ಣ ಮುಂದೆ ಕಿಂಡಿಯೊಳಕ್ಕೆ ತಲೆಯಿಟ್ಟ ಪಂಚಾಕ್ಷರಪ್ಪನ ಬೆನ್ನು ಬಂತು, ಹಬೆ ಬಂತು, ಸಂಜೆ ಕಂಬಳಿ ಹೊದ್ದು ನಡುಗುತ್ತಿದ್ದವನು ಬಂದ. ಆ ಬೇಸಿಗೆಯ ಸೆಕೆಯಲ್ಲಿ “ಚಳಿ ಕಣೇ” ಎಂದವನಿಗೆ ಅವಳು, “ಮುದುಕರಾದ್ರಿ ಬಿಡಿ” ಎಂದಿದ್ದಳು.

“ನಮ್ಮಪ್ಪ,” ಎಂದ ರೇಣುಕಪ್ರಸಾದ್. “ಬೀಡಿ ಅಂದ್ರು.”

ಡಾಕ್ಟರ ಪೆನ್ನು ನಿಂತಿತು. “ಈಗ ಹೇಳೋಕಾಗಲ್ಲ. ಬೀಡಿಯೂ ಇರಬಹುದು” ಎಂದರು. ಕರಿಬಸಮ್ಮನಿಗೆ ಅಷ್ಟು ಸಾಕಾಯಿತು. ಊರಲ್ಲಿ ಬಸ್ಸು ಇಳಿದ ಮೇಲೆ ದೂರದಿಂದ ಕಂಡ ಬಣವೆಯನ್ನು ನೋಡುತ್ತಾ ರಸ್ತೆಯಲ್ಲೇ ನಿಂತುಬಿಟ್ಟಳು. ಅದು ಎಂದಿನಂತೆ ನೆತ್ತಿ ಚೂಪಾಗಿ, ಹೆಗಲು ಉಬ್ಬಿಸಿ ನಿಂತಿತ್ತು.

ಅಷ್ಟಾದರೂ ಅದನ್ನು ಕೆಡವಲು ಅವಳು ಒಪ್ಪಲಿಲ್ಲ ಎಂದರೆ ನಂಬಬೇಕು. “ಹುಲ್ಲು ಮನುಷ್ಯನ್ನ ತಿಂತದೇನೋ? ನಾನು ಹೋಗಲ್ಲ ಬಿಡು. ಅದರ ಪಾಡಿಗೆ ಅದು ಇರ್ಲಿ. ಮಳೆ ಬಂದಾಗ ನೋಡಾಣ” ಎಂದಳು. ಮಗ ರೇಗಿದ. ಡಾಕ್ಟರು ಹೇಳಿದ್ದು ಹೀಗೆ: ಒಣಗಿದ್ದಾಗ ಕೆಡವಿದರೆ ಧೂಳು ಊರಿಗೆಲ್ಲ ಹಬ್ಬುತ್ತದೆ. ಬೆಂಕಿ ಇಡಬಾರದು. ಚೆನ್ನಾಗಿ ನೀರು ಕುಡಿಸಿ, ಬಾಯಿಗೆ ಮಾಸ್ಕು ಕಟ್ಟಿಕೊಂಡು ತೆಗೆದು, ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಆದರೆ ನೀರೆಲ್ಲಿದೆ? ಊರ ಬೋರು ಕೆಟ್ಟು ನಿಂತಿತ್ತು. ರೇಣುಕಪ್ರಸಾದನೇ ತನ್ನ ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿಕೊಂಡು, ದೂರದ ತೋಟದ ಬೋರಿನಿಂದ ತುಂಬಿ ತಂದು ಕೇರಿಗೆ ಹಂಚುತ್ತಿದ್ದ.

ಗುಳಿಗೆ ನುಂಗುತ್ತಾ ಜಗಲಿಯಲ್ಲಿ ಕೂತ ಕರಿಬಸಮ್ಮನಿಗೆ ಉಸಿರು ಅಷ್ಟಿಷ್ಟು ಮರಳಿತು. ಅಂಥ ಒಂದು ಮಧ್ಯಾಹ್ನ ಮೊಮ್ಮಗಳು ಕೃತಿಕಾ ಕಣದ ಕಡೆಯಿಂದ ಓಡಿ ಬಂದಳು. ಶಾಲೆಗೆ ರಜ. ಲಂಗವನ್ನು ಜೋಳಿಗೆಯಂತೆ ಹಿಡಿದಿದ್ದಳು, ಅದರಲ್ಲಿ ಕೋಳಿಮೊಟ್ಟೆ.

“ಅಜ್ಜೀ, ಬಣವೆ ಒಳಗೆ ಒಂದು ಮನೆ ಐತೆ! ಎಷ್ಟು ತಂಪಾಗೈತೆ ಗೊತ್ತಾ? ಕೋಳಿ ಅಲ್ಲಿ ಮೊಟ್ಟೆ ಇಟ್ಟೈತೆ!”

ಮಗುವಿನ ಎರಡು ಜಡೆಗಳೂ ಮುದುಕಿಯ ಜಡೆಗಳಂತೆ ನರೆತಿದ್ದವು. ರೆಪ್ಪೆಯ ಮೇಲೂ ಅದೇ ಬಿಳಿ ಪುಡಿ. ಹೇಳಿ ಮುಗಿಸಿದವಳು ಮೂಗು ಉಜ್ಜಿಕೊಂಡು, ಒಮ್ಮೆ ಕೆಮ್ಮಿದಳು.

ಕರಿಬಸಮ್ಮ ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ. ಮಗುವನ್ನು ಹಿಡಿದೆಳೆದು ಸೆರಗಿನಿಂದ ಮುಖ ಒರೆಸಹೋದವಳು, “ಮುಟ್ಟಬ್ಯಾಡಿ ಅತ್ತೆ, ಧೂಳು” ಎಂಬ ಯಶೋದಾಳ ಕೂಗಿಗೆ ಕೈ ಹಿಂದಕ್ಕೆಳೆದುಕೊಂಡಳು. ಸೊಸೆ ಓಡಿಬಂದು ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಮೊಟ್ಟೆಗಳು ಅಂಗಳದಲ್ಲಿ ಬಿದ್ದು ಒಡೆದವು.

“ಲೇ ರೇಣುಕಾ!” ಇಷ್ಟು ದಿನಕ್ಕೆ ಮೊದಲ ಸಲ ಆ ಗಂಟಲು ಪೂರ್ತಿಯಾಗಿ ಹೊರಟಿತು. “ನೀರು ತಗಂಬಾರೋ! ಈಗಲೇ ತಗಂಬಾ!”

ಮಾರನೆಯ ಬೆಳಿಗ್ಗೆ ಟ್ಯಾಂಕರ್ ಕೇರಿಗೆ ಬಂದಾಗ ಹೆಂಗಸರು ಕೊಡಗಳನ್ನು ಸಾಲಾಗಿಟ್ಟು ಕಾಯುತ್ತಿದ್ದರು. ಟ್ರ್ಯಾಕ್ಟರ್ ಅವರನ್ನು ದಾಟಿ ಮುಂದೆ ಹೋಯಿತು. ಕಣದ ಮೂಲೆಯಲ್ಲಿ ನಿಂತಿತು. ಬಾಯಿಗೆ ಮಾಸ್ಕು ಕಟ್ಟಿದ ರೇಣುಕಪ್ರಸಾದ್ ಟಾರ್ಪಲ್ ಸರಿಸಿ, ಪೈಪು ಎತ್ತಿ ಬಣವೆಯ ನೆತ್ತಿಗೆ ನೀರು ಬಿಟ್ಟ.

ಒಂದು ಗಳಿಗೆ ಯಾರಿಗೂ ಏನು ನಡೆಯುತ್ತಿದೆ ಎಂದೇ ತಿಳಿಯಲಿಲ್ಲ. ಆಮೇಲೆ ಕೇರಿಗೆ ಕೇರಿಯೇ ನುಗ್ಗಿತು. ಮುಂದೆ ಅಂಜಿನಮ್ಮ, ಸೊಂಟದಲ್ಲಿ ಖಾಲಿ ಕೊಡ.

“ಏನ್ರಪ್ಪಾ ಇದು! ಕುಡಿಯಾಕೆ ನೀರಿಲ್ಲ, ನೀವು ಬಣವೆಗೆ ಮೈ ತೊಳೀತೀರಾ?”

“ಹೊಟ್ಟೆಗೆ ಏನು ತಿಂತೀರಿ ನೀವು?” ಎಂದಳು ಇನ್ನೊಬ್ಬಳು. “ಹುಲ್ಲು ನೆನೆಸಿ ಹಾಳು ಮಾಡ್ತೀರಲ್ಲಾ, ನಮ್ಮ ದನಕ್ಕಾದ್ರೂ ಕೊಡಬಾರದಾ?”

ಯಾರೋ ಪೈಪಿಗೆ ಕೈ ಹಾಕಿದರು. ದೂರದ ಜಗಲಿಯಲ್ಲಿ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಕರಿಬಸಮ್ಮ ಏನೋ ಹೇಳಲು ನೋಡಿದಳು. ಆ ಗದ್ದಲದಲ್ಲಿ ಅವಳ ಮಾತು ಹುಟ್ಟಲಿಲ್ಲ. ನಿನ್ನೆ ಕೂಗಿದ ಕೂಗಿಗೆ ಉಸಿರೆಲ್ಲ ಖರ್ಚಾಗಿತ್ತು. ಕೈ ಬೀಸಿ ಅಂಜಿನಮ್ಮನನ್ನು ಕರೆದಳು. ಅಂಜಿನಮ್ಮ ಸಿಟ್ಟಿನಿಂದಲೇ ಬಂದಳು.

“ಏನಕ್ಕ ನಿಮ್ಮ ದೌಲತ್ತು?”

“ಬಾ ಇಲ್ಲಿ. ಕೊಡ ಇಳಿಸು.” ಕರಿಬಸಮ್ಮ ತಿರುಗಿ ಕೂತು ಬೆನ್ನು ತೋರಿಸಿದಳು. “ಕಿವಿ ಇಡು.”

“ಯಾಕಕ್ಕ?”

“ಇಡೇ ಅಂದ್ರೆ. ಡಾಕ್ಟ್ರಮ್ಮ ಇಟ್ಟು ಕೇಳಿದ್ದೂ ಇಲ್ಲೇ.”

ಅಂಜಿನಮ್ಮ ಕೊಡ ಇಳಿಸಿ, ಬಗ್ಗಿ, ಹೆಗಲ ಕೆಳಗೆ ಕಿವಿಯಿಟ್ಟಳು. ಕರಿಬಸಮ್ಮ ಉಸಿರು ಎಳೆದುಕೊಂಡಳು. ಒಣ ಹುಲ್ಲಿನ ಮೇಲೆ ಯಾರೋ ಮೆಲ್ಲಗೆ ಕಾಲಿಟ್ಟು ನಡೆದಂಥ ಸದ್ದು. ಮತ್ತೆ ಎಳೆದುಕೊಂಡಳು, ಮತ್ತೆ ಅದೇ ಚರಚರ.

“ಕೇಳ್ತಾ? ಆ ಬಣವೆ ಬೂಷ್ಟು ಕಣೇ. ಅದು ಒಳಗೆ ಹೋಗಿ ಹಿಂಗೆ ಮಾಡೈತೆ. ಅದಕ್ಕೇ ನೀರು. ಒಣಗಿದ್ದಾಗ ಮುಟ್ಟಂಗಿಲ್ಲ.”

ಅಂಜಿನಮ್ಮ ಕಿವಿ ತೆಗೆಯಲಿಲ್ಲ. ಬೈಗುಳಕ್ಕೆ ತೆರೆದ ಬಾಯಿ ತೆರೆದೇ ಇತ್ತು. ಇನ್ನೊಮ್ಮೆ ಕೇಳಿದಳು. ಆಮೇಲೆ ತಲೆ ಎತ್ತಿ ತನ್ನ ಮನೆಯ ಕಡೆ ನೋಡಿದಳು.

“ಕರಿಬಸಕ್ಕಾ, ನಮ್ಮ ಯಜಮಾನ್ರ ಎದೇಲೂ ಇದೇ ಸದ್ದು ಕಣಕ್ಕ. ಮಗ್ಗುಲಲ್ಲಿ ಮಲಗಿದ್ರೆ ದಿನಾ ಕೇಳ್ತೈತೆ. ನಾನು ಹಾಸಿಗೆ ಕೆಳಗಿನ ಹುಲ್ಲು ಸದ್ದು ಮಾಡ್ತೈತೆ ಅನ್ಕಂಡಿದ್ನಲ್ಲಕ್ಕಾ!”

ಕರಿಬಸಮ್ಮನಿಗೆ ಒಂದೊಂದೇ ನೆನಪಾಯಿತು. ಬೇಲಿಯ ಮೇಲಿಂದ ತಾನೇ ಎತ್ತಿ ಎತ್ತಿ ಕೊಟ್ಟ ಹೊರೆಗಳು. ನಡುಮನೆಯ ಮೂಲೆ. ಮಹಾರಾಜನ ಸುಪ್ಪತ್ತಿಗೆ. ಲಕ್ಕಣ್ಣ ಹೊರಗೆ ಕಂಡು ಎಷ್ಟು ದಿನವಾಯಿತು? ಸೊಂಟ ನೋವು ಎಂದಿದ್ದಳಲ್ಲ ಇವಳು? ತಾನೂ ಕೇಳಿರಲಿಲ್ಲವಲ್ಲ?

“ಓಡೇ,” ಎಂದಳು. ಸದ್ದು ಹೊರಡದೆ ಅಂಜಿನಮ್ಮನ ತೋಳು ಹಿಡಿದು ತಳ್ಳಿದಳು. “ಅವನನ್ನ ಹೊರಕ್ಕೆ ತಾ. ಹುಲ್ಲು ಮುಟ್ಟಬ್ಯಾಡ, ಒದರಬ್ಯಾಡ. ಅವನನ್ನ ಮೊದಲು ತಾ.”

ಅಂಜಿನಮ್ಮ ಕೊಡವನ್ನು ಅಲ್ಲೇ ಬಿಟ್ಟು ಓಡಿದಳು. ಹೆಂಗಸರು ಏನು ಏನು ಎನ್ನುತ್ತಾ ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ಲಕ್ಕಣ್ಣನನ್ನು ಎರಡೂ ಕಡೆ ಹಿಡಿದುಕೊಂಡು ಬೇಲಿಯ ಸಂದಿಯಿಂದ ಕರೆತಂದರು. ಹೋದ ದಸರೆಯಲ್ಲಿ ಹಸುವನ್ನು ಕೊಂಬು ಹಿಡಿದು ನಿಲ್ಲಿಸಿದ್ದ ಆಳು, ಅಂಗಿಯೊಳಗೆ ಕೋಲು ನಿಲ್ಲಿಸಿದ ಹಾಗಿದ್ದ. ಗದ್ದದ ಮೇಲಿನ ಕುರುಚಲು ಗಡ್ಡದಲ್ಲಿ ನರೆ ಯಾವುದು, ಬೂಷ್ಟು ಯಾವುದು ತಿಳಿಯುತ್ತಿರಲಿಲ್ಲ. ಜಗಲಿಗೆ ಒರಗಿಸಿದಾಗ ಅವನು ಕರಿಬಸಮ್ಮನನ್ನು ನೋಡಿ, ಎಂದಿನ ಚಾಳಿಯಂತೆ ಏನೋ ತಮಾಷೆ ಮಾಡಲು ಬಾಯಿ ತೆರೆದ. “ಕರಿಬಸಕ್ಕ” ಎಂಬಷ್ಟರಲ್ಲೇ ಉಸಿರು ಮುಗಿಯಿತು. ಅವಳಿಗೆ “ಲೇ” ಎಂಬಲ್ಲಿ ಮುಗಿದಂತೆ.

ಆಗ ಯಾರೂ ಹೇಳದೆ ಪೈಪು ಮತ್ತೆ ಎತ್ತಿದ್ದು, ಅದಕ್ಕೆ ಕೈ ಹಾಕಿ ಜಗಳಕ್ಕೆ ನಿಂತಿದ್ದ ಹೆಂಗಸೇ. ಸೆರಗನ್ನು ಮೂಗಿಗೆ ಬಿಗಿದುಕೊಂಡು ಬಣವೆಗೆ ನೀರು ಹಿಡಿದಳು. ರೇಣುಕಪ್ರಸಾದ್ ಟ್ಯಾಂಕರನ್ನು ಅವರ ಕೈಗೆ ಬಿಟ್ಟು ಕಾರಿಗೆ ಫೋನು ಮಾಡುತ್ತಾ ರಸ್ತೆಗೆ ಓಡಿದ. ಯಶೋದಾ ಒಂದು ತೊಟ್ಟು ನೀರನ್ನು ಲಕ್ಕಣ್ಣನ ಬಾಯಿಗೆ ಬಿಟ್ಟಳು.

ನೀರು ಕುಡಿದು ಭಾರವಾದ ಬಣವೆಯ ಮುಖ ಮೊದಲು ಸೊಟ್ಟಗಾಯಿತು, ಆಮೇಲೆ ಒಳಕ್ಕೆ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಅದರ ಗೋಡೆ ಒಂದು ಗೇಣು ದಪ್ಪವೂ ಇರಲಿಲ್ಲ. ಒಳಗೆ ಏನೂ ಇರಲಿಲ್ಲ. ನೋಡುತ್ತಿದ್ದವರು “ಅಯ್ಯಯ್ಯೋ” ಎಂದು ಹಿಂದಕ್ಕೆ ಸರಿದರು. ಇಷ್ಟು ದಿನ ರಸ್ತೆಯಲ್ಲಿ ನಿಂತು ಹೊಗಳಿದ್ದು ಈ ತೊಗಟೆಯನ್ನೇ ಎಂಬುದು ಅವರಿಗೆ ಆಗ ಕಂಡಿತು.

ಕರಿಬಸಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಲಕ್ಕಣ್ಣನ ಬೆನ್ನಿಗೆ ತನ್ನ ಕಿವಿಯಿಟ್ಟು, ಕಾರು ಬರುವವರೆಗೆ, ಒಂದೊಂದು ಉಸಿರನ್ನೂ ಕೇಳುತ್ತಾ ಕೂತಿದ್ದಳು.